ಅಗ್ಗದ ಲ್ಯಾಪ್‌ಟಾಪ್ ಮುಂದೆ ನಿಂತು

ಅಕ್ಕನ ಮಗಳು ಬಿ.ಕಾಂ. ಸೇರಿದ್ದಾಳೆ. ಲ್ಯಾಪ್‌ಟಾಪ್ ನೋಡೋಣ ಅಂತ ತುಮಕೂರಿನ ಬಿ.ಎಚ್. ರಸ್ತೆಗೆ ಹೋಗಿದ್ದೆವು. ತೀರಾ ಕಡಿಮೆ ಬೆಲೆಯದೊಂದು ಅವಳಿಗೆ ಹಿಡಿಸಿತು. ಹಗುರ, ಫ್ಯಾನ್ ಇಲ್ಲ, ಸದ್ದೂ ಇಲ್ಲ. ಒಳಗೆ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಫೈಲುಗಳನ್ನು ಇಡುವ ಅಗ್ಗದ ಸ್ಟೋರೇಜ್ ಚಿಪ್).

ನನಗೆ ಇಲ್ಲೇ ಅಳುಕು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಲೆಕ್ಕವೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ವಿಂಡೋಸ್ ಕೂತ ಮೇಲೆ ಉಳಿಯುವುದು ಕಮ್ಮಿ, ದೊಡ್ಡ ಅಪ್‌ಡೇಟ್ ಬಂದರೆ ಅದಕ್ಕೂ ಜಾಗ ಬೇಕು. ಇಎಂಎಂಸಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಬದಲಿಸುವುದು ಕಷ್ಟ. ಅಂಗಡಿಯಲ್ಲೇ ನಾಲ್ಕೈದು ಟ್ಯಾಬ್ ತೆರೆದಳು, ಮೌಸ್ ಬಾಣ ತಡೆದು ತಡೆದು ಚಲಿಸಿತು. ಪರದೆ ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಅಕ್ಷರವೆಲ್ಲ ಬೂದು ಬೂದು.

ಹಾಗಂತ ಅದನ್ನು ಬೈಯಲು ಮನಸ್ಸಿಲ್ಲ. ನೋಟ್ಸ್ ಟೈಪ್ ಮಾಡಲು, ಪಾಠದ ವಿಡಿಯೋ ನೋಡಲು ಸಾಕು. ಕಂಪ್ಯೂಟರೇ ಇಲ್ಲದ ಮನೆಗೆ ಅದೂ ದೊಡ್ಡದೇ ಅಲ್ವಾ? ವಿಂಡೋಸ್ ಬದಲು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ಹಗುರವಾದ ಆವೃತ್ತಿ ಹಾಕಿದರೆ ಇನ್ನೂ ಚೆನ್ನಾಗಿ ಓಡುತ್ತದೆ. ಆದರೆ ಇವಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಬೇಕು, ಅದಕ್ಕೆ ವಿಂಡೋಸೇ ಆಗಬೇಕು.

ಸ್ವಲ್ಪ ದುಡ್ಡು ಸೇರಿಸಿದರೆ ಕಂಪನಿಗಳು ಬಳಸಿ ಬಿಟ್ಟ ಹಳೇ ಲ್ಯಾಪ್‌ಟಾಪ್ ಸಿಗುತ್ತದೆ. 8 ಜಿಬಿ ರ‍್ಯಾಮ್, ಸ್ಟೋರೇಜಿಗೆ ವೇಗದ ಎಸ್‌ಎಸ್‌ಡಿ, ಹೆಚ್ಚಿನವುಗಳಲ್ಲಿ ಹಿಂದಿನ ಸ್ಕ್ರೂ ಬಿಚ್ಚಿ ಇವನ್ನು ಬದಲಿಸಬಹುದು. ಬ್ಯಾಟರಿ ಸವೆದಿರುತ್ತದೆ, ವಾರಂಟಿ ಚಿಕ್ಕದು. ಪ್ರೊಸೆಸರ್ ಇಂಟೆಲ್‌ನದಾದರೆ 8ನೇ ತಲೆಮಾರಿನದೋ ಆಮೇಲಿನದೋ ಇರಲಿ, ಅದಕ್ಕಿಂತ ಹಳೆಯವಕ್ಕೆ ಸಾಮಾನ್ಯವಾಗಿ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ವಿಂಡೋಸ್ 10ರ ಬೆಂಬಲವಂತೂ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ನನ್ನ ಓಟು ಹಳೇದಕ್ಕೆ. ಅವಳಿಗೆ ಹೊಸದರ ಆಸೆ. ಭಾನುವಾರ ಭಾವನ ಜೊತೆ ಕೂತು ಮಾತಾಡಬೇಕು.