ಹತ್ತುವಾಗ ಅವರು ಮುಂದೆ, ಇಳಿಯುವಾಗ ನಾನು

ಬೆಟ್ಟದ ಮೇಲಿನ ಸರೋವರಗಳನ್ನು ನೋಡ್ತಾ ನಡೆಯೋ ಕಾಶ್ಮೀರದ ಗ್ರೇಟ್ ಲೇಕ್ಸ್ ಟ್ರೆಕ್‌ನ ಫೋಟೋಗಳನ್ನು ನೀವು ಈಗಾಗಲೇ ಸಾಕಷ್ಟು ನೋಡಿರುತ್ತೀರಿ. ಹಾಗಾಗಿ ನೀರು ಎಷ್ಟು ನೀಲಿ ಅಂತ ವರ್ಣಿಸೋಕೆ ನಾನು ಕೂತಿಲ್ಲ. ಗಂಡ ಹೆಂಡತಿ ಇಬ್ಬರೇ ಹೋದರೆ ಹೇಗಿರುತ್ತೆ ಅಂತ ಗೆಳತಿಯರು ಕೇಳ್ತಾನೇ ಇದ್ದಾರೆ, ಅದಕ್ಕೆ ಈ ಬರಹ. ಉತ್ತರ ಮೊದಲೇ ಹೇಳಿಬಿಡ್ತೀನಿ. ಒಟ್ಟಿಗೆ ಹೋಗಿ, ಆದರೆ ಒಟ್ಟಿಗೇ ನಡೀಬೇಕು ಅನ್ನೋ ಹಟ ಬೇಡ.

ಇಬ್ಬರೇ ಅಂದರೆ ಪೂರ್ತಿ ಇಬ್ಬರೇ ಏನಲ್ಲ. ಅಲ್ಲಿಯವರೇ ಆದ ಒಬ್ಬ ಗೈಡ್ ಇದ್ದರು, ಕುದುರೆಯವರೊಬ್ಬರು ಇದ್ದರು. ಟೆಂಟು, ಸ್ಟೌವು, ದಿನಸಿ ಎಲ್ಲಾ ಕುದುರೆ ಮೇಲೆ. ನಮ್ಮ ಬ್ಯಾಗು ನಮ್ಮ ಬೆನ್ನ ಮೇಲೆ. ದಾರಿಯಲ್ಲಿ ಸೇನೆಯ ಚೆಕ್‌ಪೋಸ್ಟ್‌ಗಳಿವೆ, ಆಧಾರ್ ತೋರಿಸಿ ಹೆಸರು ಬರೆಸಬೇಕು, ಮಂಜು ಕವಿದರೆ ಮುಂದಿನ ಕಲ್ಲು ಕಾಣಲ್ಲ. ಅಲ್ಲಿಯವರು ಜೊತೆಗಿಲ್ಲದೆ ಹೋಗೋದು ಧೈರ್ಯ ಅಲ್ಲ, ಸುಮ್ನೆ ಮೊಂಡುತನ.

ಮನೆಯಲ್ಲೇ ಜಗಳ ಶುರುವಾಗಿದ್ದು ತೂಕದ ವಿಷಯಕ್ಕೆ. ನಮ್ಮೆಜಮಾನ್ರು ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಹಿಡ್ಕೊಂಡು ಒಂದೊಂದನ್ನೂ ತೂಗಿ ಪಕ್ಕಕ್ಕೆ ಇಡ್ತಾ ಹೋದರು. ನನ್ನ ಎರಡನೇ ಸ್ವೆಟರ್ ಹೋಯಿತು. ಅವರ ದೊಡ್ಡ ಕ್ಯಾಮೆರಾ ಲೆನ್ಸ್ ಮಾತ್ರ ಯಾಕೋ ತಕ್ಕಡಿಗೇ ಬರಲಿಲ್ಲ. ಚಟ್ನಿಪುಡಿ ಡಬ್ಬಿ ಬೇಡವೇ ಬೇಡ ಅಂದರು. ನಾನು ಅದನ್ನು ಕಾಲುಚೀಲದೊಳಗೆ ಸುತ್ತಿ ಇಟ್ಟೆ. ಟೆಂಟಿನಲ್ಲಿ ಸತತ ರಾಜ್ಮಾ ಅನ್ನ ತಿಂದ ಮೇಲೆ ಆ ಡಬ್ಬಿಗೆ ಮೊದಲು ಕೈ ಹಾಕಿದ್ದು ಯಾರು ಅಂತ ಬೇರೆ ಹೇಳಬೇಕಾ?

ನಾವು ಕುಮಾರಪರ್ವತ, ಕುದುರೆಮುಖ ಎಲ್ಲಾ ಹತ್ತಿ ಅಭ್ಯಾಸ ಮಾಡಿಕೊಂಡು ಹೋದವರು. ಕಾಲಿಗೆ ಅದು ಸಾಕು, ಉಸಿರಿಗೆ ಸಾಲಲ್ಲ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಟ್ರೆಕ್ ಶುರುವಾಗೋ ಸೋನಮಾರ್ಗ್‌ನ ಪೇಟೆ ಬೀದಿಯೇ ಅದಕ್ಕಿಂತ ಎಷ್ಟೋ ಮೇಲಿದೆ. ಅಲ್ಲೇ ಪಕ್ಕದ ಶಿತ್ಕಡಿಯಿಂದ ಹತ್ತಿ, ಟೇಬಲ್ ಟಾಪ್ ಅನ್ನೋ ಹುಲ್ಲುಗಾವಲಿನ ಅಂಗಡಿಯಲ್ಲಿ ಮ್ಯಾಗಿ ತಿಂದು, ಬಿಳಿ ತೊಗಟೆಯ ಭೂರ್ಜ ಮರಗಳ ನಡುವೆ ಹೋಗ್ತೀರಿ. ಹಿಂದಿನವರು ಇದೇ ತೊಗಟೆ ಮೇಲೆ ಗ್ರಂಥ ಬರೀತಿದ್ದದ್ದು. ಆ ಕಾಡು ಮುಗಿದ ಮೇಲೆ ಮರವೇ ಇಲ್ಲ. ನೆರಳೂ ಇಲ್ಲ, ಮರೆಯೂ ಇಲ್ಲ. ಹೆಂಗಸರಿಗೆ ಅದು ಎಂಥ ಫಜೀತಿ ಅಂತ ಗಂಡಸರ ಬ್ಲಾಗುಗಳಲ್ಲಿ ಯಾರೂ ಬರೆಯಲ್ಲ.

ನಿಚ್ನಾಯ್ ಪಾಸ್ (ಪಾಸ್ ಅಂದರೆ ಬೆಟ್ಟಸಾಲು ದಾಟೋ ಎತ್ತರದ ದಾರಿ) ಹತ್ತುವಾಗ ನಮ್ಮ ಅಸಲಿ ಜಗಳ ಆಯಿತು. ಅವರು ಏರಿನಲ್ಲಿ ಚುರುಕು, ನಾನು ನಿಧಾನ. ಮುಂದೆ ಹೋಗಿ ಕಲ್ಲಿನ ಮೇಲೆ ಕೂತು ನನಗೆ ಕಾಯೋರು. ನಾನು ಏದುಸಿರು ಬಿಡ್ತಾ ಅಲ್ಲಿಗೆ ತಲುಪಿದ ಕೂಡಲೇ "ಹಾಂ, ಬಂದ್ಯಾ, ಹೊರಡೋಣ" ಅಂತ ಎದ್ದೇಬಿಡೋರು. ಅಂದರೆ ಅವರಿಗೆ ಪ್ರತಿ ಸಲ ಹತ್ತು ನಿಮಿಷ ಸುಧಾರಿಸಿಕೊಳ್ಳೋಕೆ ಸಿಗುತ್ತೆ, ನಿಜವಾಗಿ ಸುಸ್ತಾದವಳಿಗೆ ಒಂದು ನಿಮಿಷವೂ ಇಲ್ಲ! ಇದು ಹೀಗೇ ನಡೀತಾ ಹೋಗಿ, ಕೊನೆಗೆ ನಾನು "ರೀ, ನೀವು ಕಾಯೋದು ಬೇಡ, ಹೋಗ್ರಿ ಅತ್ಲಾಗೆ" ಅಂದೆ. ಗೈಡ್‌ಗೆ ಕನ್ನಡ ಬರಲ್ಲ, ಆದರೂ ಎಲ್ಲಾ ಅರ್ಥವಾಯಿತು. ಮುಖ ತಿರುಗಿಸಿಕೊಂಡು ಕುದುರೆ ಕಡೆ ನೋಡ್ತಾ ನಿಂತರು.

ಸಂಜೆ ವಿಷನ್‌ಸರ್ ಸರೋವರದ ದಂಡೆಯಲ್ಲಿ ಕೂತು ರಾಜಿಯಾಯಿತು. ಕಿಶನ್‌ಗಂಗಾ ನದಿ ಹುಟ್ಟೋದು ಇಲ್ಲೇ. ಗಡಿಯಾಚೆ ಅದನ್ನೇ ನೀಲಂ ಅಂತಾರೆ. ಬ್ರಿಟಿಷರ ಕಾಲದಲ್ಲಿ ಕಾಶ್ಮೀರಕ್ಕೆ ತಂದು ಬಿಟ್ಟ ಟ್ರೌಟ್ ಮೀನು ಈ ನೀರಿನಲ್ಲೂ ಇದೆ, ಹಿಡಿಯೋಕೆ ಪರವಾನಗಿ ಬೇಕು. ನಮ್ಮ ಒಪ್ಪಂದ ಇಷ್ಟೇ. ತೊರೆ ದಾಟೋ ಕಡೆ ಮತ್ತು ಪಾಸ್‌ನ ತುದಿಯಲ್ಲಿ ಮಾತ್ರ ಕಾಯೋದು. ಹಿಂದಿನವರು ಬಂದು ಕೂತು ನೀರು ಕುಡಿದು "ಹೊರಡೋಣ" ಅನ್ನೋವರೆಗೆ ಮುಂದಿನವರು ಏಳೋ ಹಾಗಿಲ್ಲ. ಗೈಡ್ ಯಾವಾಗಲೂ ಹಿಂದಿನವರ ಜೊತೆ.

ಮರುದಿನದ ಗಡ್ಸರ್ ಪಾಸ್ ಇಡೀ ದಾರಿಯಲ್ಲೇ ಎತ್ತರದ್ದು, ಹತ್ತಿರ ಹತ್ತಿರ 4,200 ಮೀಟರ್. ಕೃಷನ್‌ಸರ್ ಸರೋವರದ ಪಕ್ಕದಿಂದಲೇ ಏರು ಶುರು. ಕಾಲುದಾರಿ ಒಂದೇ ಹೆಜ್ಜೆ ಅಗಲ. ಕುದುರೆ ಬಂದರೆ ಗುಡ್ಡದ ಕಡೆಗೆ ಒರಗಿ ನಿಲ್ಲಬೇಕು, ಕಣಿವೆ ಕಡೆಗಲ್ಲ. ಇದನ್ನು ಗೈಡ್ ಗದರಿಸಿಯೇ ಕಲಿಸಿದರು. ನಾನು ಮೂವತ್ತು ಹೆಜ್ಜೆ ಎಣಿಸೋದು, ನಿಲ್ಲೋದು, ಕೋಲಿನ ಮೇಲೆ ಹಣೆ ಇಟ್ಟು ಉಸಿರು ತಗೊಳ್ಳೋದು, ಮತ್ತೆ ಮೂವತ್ತು ಹೆಜ್ಜೆ ಅಂತ ಹತ್ತಿದೆ. ನಿಂತಾಗಲೆಲ್ಲ ತಿರುಗಿ ನೋಡ್ತಿದ್ದೆ. ಮೊದಲು ಕೃಷನ್‌ಸರ್ ಒಂದೇ ಕಾಣ್ತಿತ್ತು. ಇನ್ನೂ ಮೇಲೆ ಹೋದ ಮೇಲೆ ಅದರ ಹಿಂದೆ ವಿಷನ್‌ಸರ್ ಮೆಲ್ಲಗೆ ಎದ್ದು ಬಂತು. ದಂಡೆಯಲ್ಲಿ ಕೂತಾಗ ಇವು ಎರಡು ಕೆರೆ ಅಷ್ಟೇ. ಮೇಲಿನಿಂದ ನೋಡಿದರೆ ಒಂದರ ನೀರು ಇನ್ನೊಂದಕ್ಕೆ ಇಳಿಯೋ ಬಿಳಿ ಗೆರೆ ಕೂಡ ಕಾಣುತ್ತೆ. ಇವರು ಸರಸರ ಹತ್ತಿಬಿಟ್ಟು ಇದ್ಯಾವುದನ್ನೂ ನೋಡಿರಲೇ ಇಲ್ಲ! ತುದಿಯಲ್ಲಿ ನಾನು ಹೇಳಿದ ಮೇಲೆ ಲೆನ್ಸ್ ಹೊರಗೆ ಬಂತು.

ಆಚೆ ಕಡೆ ಗಡ್ಸರ್. ನೀರಿನ ಮೇಲೆ ಹಿಮದ ತುಂಡುಗಳು ತೇಲ್ತಿದ್ದವು, ಸುತ್ತ ನೇರಳೆ, ಹಳದಿ ಹೂವು. ಇಳಿಜಾರಿನಲ್ಲಿ ನಾನು ಮುಂದೆ ಬಂದುಬಿಟ್ಟಿದ್ದೆ. ಬಕರ್ವಾಲ್ ಕುರಿಗಾಹಿಗಳ ಕಲ್ಲುಮಣ್ಣಿನ ಗುಡಿಸಲಿನ ಮುಂದೆ ಕೂತಿದ್ದ ಒಬ್ಬಾಕೆ, ವಯಸ್ಸಾದವರು, ನನ್ನನ್ನು ಒಳಗೆ ಕರೆದು ಉಪ್ಪಿನ ಚಹಾ ಕೊಟ್ಟರು. ಗುಲಾಬಿ ಬಣ್ಣ, ಮೇಲೆ ಬೆಣ್ಣೆ. ಮೊದಲ ಗುಟುಕಿಗೆ ಯಾರೋ ತಿಳಿಸಾರಿಗೆ ಹಾಲು ಹಾಕಿದ್ದಾರೆ ಅನಿಸಿತು. ಎರಡನೇ ಲೋಟ ನಾನೇ ಕೇಳಿ ಹಾಕಿಸಿಕೊಂಡೆ. "ಒಬ್ಬಳೇ ಬಂದೆಯಾ, ಗಂಡ ಎಲ್ಲಿ?" ಅಂತ ಹಿಂದಿಯಲ್ಲಿ ಕೇಳಿದರು. ಗುಡ್ಡದ ಮೇಲೆ ಕೋಲೂರಿಕೊಂಡು ಅಡ್ಡಡ್ಡ ಇಳೀತಿದ್ದ ಕೆಂಪು ಜಾಕೆಟ್ಟನ್ನು ತೋರಿಸಿದೆ. ಇಬ್ಬರೂ ನಕ್ಕೆವು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ, ತಲೆನೋವಿನ ಮಾತ್ರೆ ಇದೆಯಾ ಅಂದರು.

ಸತ್ಸರ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಏಳು ಸರೋವರ ಅಂತಾರೆ, ಮಳೆಗಾಲ ಕಳೆದಂತೆ ಕೆಲವು ಬತ್ತುತ್ತವೆ, ಆಮೇಲೆ ಬಂಡೆ ಮೇಲೆ ಬಂಡೆ ಹಾರಿಕೊಂಡು ಹೋಗಬೇಕು. ಜಾಜ್ ಪಾಸ್ ಹತ್ತಿದ ಮೇಲೆ ಮಾತ್ರ ಇಬ್ಬರಿಗೂ ಬಾಯಿ ಕಟ್ಟಿತು. ಕೆಳಗೆ ಗಂಗಾಬಲ್ ಸರೋವರ, ಅದರ ಪಕ್ಕ ನುಂದ್‌ಕೋಲ್, ಎದುರಿಗೆ 5,142 ಮೀಟರಿನ ಹರಮುಖ್ ಬೆಟ್ಟ. 1856ರಲ್ಲಿ ಮಾಂಟ್ಗೊಮರಿ ಅನ್ನೋ ಸರ್ವೆ ಅಧಿಕಾರಿ ಇದೇ ಹರಮುಖ್ ಏರಿ, ಇನ್ನೂರು ಕಿ.ಮೀ.ಗಿಂತ ದೂರದಲ್ಲಿ ಕಂಡ ಎರಡು ಶಿಖರಗಳ ಚಿತ್ರ ಬರೆದು ಕೆ1, ಕೆ2 ಅಂತ ಗುರುತು ಹಾಕಿದ. ಕೆ2ಗೆ ಇವತ್ತಿಗೂ ಅದೇ ಹೆಸರು. ಕಾಶ್ಮೀರಿ ಪಂಡಿತರಿಗೆ ಗಂಗಾಬಲ್ ಅಂದರೆ ಗಂಗೆಯೇ, ಸತ್ತವರ ಅಸ್ಥಿ ಬಿಡಲು ಇಲ್ಲಿಗೆ ಹತ್ತಿ ಬರ್ತಿದ್ದರು. ಆ ವಿಷಯ ಗೊತ್ತಾದ ಮೇಲೆ ದಂಡೆಯಲ್ಲಿ ಬೂಟು ತೊಳೆಯೋಕೆ ಮನಸ್ಸಾಗಲಿಲ್ಲ.

ಕೊನೇ ದಿನವೇ ಅತಿ ಕಷ್ಟದ್ದು. ಟ್ರೆಕ್ ಮುಗಿಯೋ ನಾರಾನಾಗ್‌ಗೆ ಒಂದೇ ದಿನಕ್ಕೆ 1,200 ಮೀಟರಿಗಿಂತ ಜಾಸ್ತಿ ಇಳಿತ. ನಮ್ಮೆಜಮಾನ್ರ ಎಡ ಮಂಡಿ ಅರ್ಧ ದಾರಿಗೇ ಕೈಕೊಟ್ಟಿತು. ಈಗ ಮುಂದೆ ಹೋಗಿ ಪೈನ್ ಮರದ ಬುಡದಲ್ಲಿ ಕಾಯೋ ಸರದಿ ನನ್ನದು. ಒಪ್ಪಂದದಂತೆ ಅವರು ಬಂದು, ಕೂತು, ನೀರು ಕುಡಿಯೋವರೆಗೆ ನಾನು ಏಳಲಿಲ್ಲ. ಲೆನ್ಸ್ ಕೂಡ ನನ್ನ ಬ್ಯಾಗಿಗೆ ಬಂತು. ಅದರ ತೂಕ ಆಗ ಗೊತ್ತಾಯಿತು, ಮನೆಯಲ್ಲಿ ತಕ್ಕಡಿಗೆ ಯಾಕೆ ಬರಲಿಲ್ಲ ಅನ್ನೋದೂ ಗೊತ್ತಾಯಿತು.

ಕೆಳಗೆ ತಲುಪಿದರೆ ಕಾಶ್ಮೀರದ ರಾಜ ಲಲಿತಾದಿತ್ಯನ ಕಾಲದ್ದು ಅನ್ನೋ, 8ನೇ ಶತಮಾನದ ಶಿವಾಲಯಗಳ ಅವಶೇಷ. ಅಲ್ಲಿನ ಹಳೇ ಕವಿ ಕಲ್ಹಣ ಬರೆದ ಇತಿಹಾಸದಲ್ಲಿ ಈ ರಾಜನ ದಂಡಯಾತ್ರೆ ಹೇಳುವಾಗ ದಕ್ಷಿಣವನ್ನು ಆಳ್ತಿದ್ದ ರಟ್ಟಾ ಅನ್ನೋ ಕರ್ಣಾಟದ ರಾಣಿ ಬರ್ತಾಳೆ. ಇವರು ಮಂಡಿಗೆ ಪಟ್ಟಿ ಸುತ್ತಿಕೊಳ್ತಾ ಅದನ್ನೇ ವಿವರಿಸ್ತಿದ್ದರು. ನನಗೆ ಚಹಾ ಬೇಕಿತ್ತು.

ಹೋಗೋರಿಗೆ ಒಂದೆರಡು ಮಾತು. ಹಿಮ ಕರಗಿದ ಮೇಲೆ, ಅಂದರೆ ಜುಲೈಯಿಂದ ಸೆಪ್ಟೆಂಬರ್ ನಡುವೆ ಹೋಗಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಬೇಕು, ಅದೂ ಬೆಟ್ಟದಲ್ಲಿ ಸಿಗುತ್ತೆ ಅಂತ ನಂಬಬೇಡಿ. ಕೋಲು ಒಬ್ಬೊಬ್ಬರಿಗೆ ಎರಡೆರಡು ಇರಲಿ. ಎತ್ತರಕ್ಕೆ ಒಗ್ಗಿಕೊಳ್ಳಲು ವಿಷನ್‌ಸರ್‌ನಲ್ಲಿ ಒಂದು ದಿನ ನಿಲ್ಲೋದು ಸರಿಯೇ. ಅದರ ಮೇಲೆ ಇನ್ನೊಂದು ದಿನದ ರಜೆ ಸಿಕ್ಕರೆ ಗಂಗಾಬಲ್‌ಗೆ ಕೊಡಿ. ಎರಡೂವರೆ ಕಿ.ಮೀ. ಉದ್ದದ ಸರೋವರ ಅದು, ಸಂಜೆ ಬಂದು ಬೆಳಿಗ್ಗೆ ಹೊರಟರೆ ಒಂದು ಮೂಲೆ ಮಾತ್ರ ನೋಡ್ತೀರಿ, ಜೊತೆಗೆ ನಾರಾನಾಗ್ ಇಳಿಯೋ ಮುಂಚೆ ಮಂಡಿಗೂ ಸ್ವಲ್ಪ ಬಿಡುವು.