ಎಷ್ಟು ದಿನ ಅಂತ ಹೇಳದ ಡಾಕ್ಟರು

ಪಾಲ್ ಕಲಾನಿಧಿ ಅವರ ‘ವೆನ್ ಬ್ರೆತ್ ಬಿಕಮ್ಸ್ ಏರ್’ ಅಂತೂ ಓದಿ ಮುಗಿಸಿದೆ. ಸಾವು ಹತ್ತಿರ ಬಂದ ಡಾಕ್ಟರೊಬ್ಬರು ತಮ್ಮ ಬದುಕಿನ ಬಗ್ಗೆ ತಾವೇ ಬರೆದದ್ದು, 2016ರಲ್ಲೇ ಬಂದ ಪುಸ್ತಕ. ಸಿಕ್ಕವರೆಲ್ಲ ‘ತುಂಬಾ ಸ್ಫೂರ್ತಿ ಕೊಡುತ್ತೆ, ಓದು’ ಅನ್ನುತ್ತಿದ್ದರು, ಅದಕ್ಕೇ ಇಷ್ಟು ದಿನ ಮುಟ್ಟಿರಲಿಲ್ಲ. ಸಾಯುತ್ತಿರುವವರ ಹತ್ತಿರ ನಾವು ಸ್ಫೂರ್ತಿ ಕೇಳೋದು ನನಗ್ಯಾಕೋ ಸರಿ ಕಾಣಲ್ಲ.

ಪಾಲ್ ಬೆಳೆದದ್ದು ಅಮೆರಿಕದ ಅರಿಜೋನಾದಲ್ಲಿ, ಕಿಂಗ್‌ಮನ್ ಅನ್ನೋ ಮರಳುಗಾಡಿನ ಊರಲ್ಲಿ. ಅಪ್ಪ ಅಮ್ಮ ಭಾರತದಿಂದ ಹೋದವರು. ಮೊದಲು ಇಂಗ್ಲಿಷ್ ಸಾಹಿತ್ಯ ಓದಿ, ಆಮೇಲೆ ಡಾಕ್ಟರಾಗಿ, ಸ್ಟ್ಯಾನ್‌ಫರ್ಡ್‌ನಲ್ಲಿ ಮಿದುಳಿನ ಸರ್ಜನ್ ಆಗುವ ತರಬೇತಿ ಇನ್ನೇನು ಮುಗಿಯಬೇಕು ಅನ್ನುವಾಗ, 2013ರಲ್ಲಿ, ಶ್ವಾಸಕೋಶದ ಕ್ಯಾನ್ಸರ್. ನಾಲ್ಕನೇ ಹಂತ. ವಯಸ್ಸು 36, ಸಿಗರೇಟು ಸೇದುವವರೂ ಅಲ್ಲ. ಸಿ.ಟಿ. ಸ್ಕ್ಯಾನ್ ನೋಡಿ ಏನಾಗಿದೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಥ ಸ್ಕ್ಯಾನ್‌ಗಳನ್ನು ನೋಡೋದೇ ಅವರ ಕೆಲಸ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. ಈ ಹಂತದವರು ಎಷ್ಟು ಕಾಲ ಬದುಕುತ್ತಾರೆ, ಲೆಕ್ಕ ಹೇಳಿ ಅಂತ ಪಾಲ್ ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳುತ್ತಾರೆ. ಅವರು ಹೇಳೋದೇ ಇಲ್ಲ. ಕೆಲಸಕ್ಕೆ ವಾಪಸ್ ಹೋಗೋ ಮಾತು ತೆಗೆಯುತ್ತಾರೆ! ತಮಾಷೆ ಏನಂದ್ರೆ ರೋಗಿಗಳ ಮುಂದೆ ಕೂತಾಗ ಪಾಲ್ ಕೂಡ ಇಷ್ಟೇ ದಿನ ಅಂತ ಖಚಿತವಾಗಿ ಹೇಳುತ್ತಿರಲಿಲ್ಲ. ಈಗ ಅದಕ್ಕಾಗಿ ತಾವೇ ಒದ್ದಾಡುತ್ತಾರೆ. ಮೂರು ತಿಂಗಳು ಅಂದ್ರೆ ಮನೆಯವರ ಜೊತೆ ಇರ್ತೀನಿ, ಒಂದು ವರ್ಷ ಅಂದ್ರೆ ಪುಸ್ತಕ ಬರೀತೀನಿ, ಹತ್ತು ವರ್ಷ ಅಂದ್ರೆ ಆಪರೇಷನ್ ಥಿಯೇಟರ್‌ಗೆ ಹೋಗ್ತೀನಿ, ಆದರೆ ಎಷ್ಟು ಅಂತ ಗೊತ್ತಿಲ್ಲದೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಲಿ ಅನ್ನೋದು ಅವರ ಸಂಕಟ.

ನಮ್ಮಲ್ಲಿ ಈ ಪ್ರಶ್ನೆ ರೋಗಿಯ ತನಕ ಬರೋದೇ ಕಮ್ಮಿ ಅಲ್ವಾ? ವರಾಂಡದಲ್ಲಿ ಮಗನೋ ಅಳಿಯನೋ ಡಾಕ್ಟರನ್ನು ಪಕ್ಕಕ್ಕೆ ಕರೆದು ‘ಎಷ್ಟು ದಿನ ಸರ್? ಅಮ್ಮನಿಗೆ ಮಾತ್ರ ಹೇಳ್ಬೇಡಿ’ ಅಂದುಬಿಡುತ್ತಾರೆ. ಅಮ್ಮನಿಗೂ ಮಾಡೋ ಕೆಲಸ ಏನಾದರೂ ಬಾಕಿ ಇರಬಹುದು ಅಂತ ಯಾರಿಗೂ ಹೊಳೆಯಲ್ಲ.

ಪಾಲ್ ಅವರ ಕ್ಯಾನ್ಸರ್ ಜೀನ್ ಬದಲಾವಣೆಯಿಂದ ಬಂದ ಬಗೆಯದ್ದಾಗಿತ್ತು, ಅದಕ್ಕೆ ಮಾತ್ರೆ ಇತ್ತು. ಗಡ್ಡೆಗಳು ಕುಗ್ಗಿದವು. ಅವರು ನಿಜವಾಗಿಯೂ ಥಿಯೇಟರ್‌ಗೆ ವಾಪಸ್ ಹೋದರು! ಮೊದಲ ದಿನ ಆಪರೇಷನ್ ಮಧ್ಯೆ ತಲೆ ಸುತ್ತಿ ಬಂದು, ಜೂನಿಯರ್‌ಗೆ ಬಿಟ್ಟು, ಆಚೆ ಹೋಗಿ ಮಲಗಬೇಕಾಯಿತು. ಆದರೂ ಬಿಡಲಿಲ್ಲ.

ಮಗು ಬೇಕಾ ಅಂತ ಗಂಡ ಹೆಂಡತಿ ಮಾತಾಡುವಾಗ ಲೂಸಿ ಕೇಳುತ್ತಾರೆ, ಮಗುವನ್ನು ಬಿಟ್ಟು ಹೋಗೋದು ನಿನ್ನ ಸಾವನ್ನು ಇನ್ನೂ ಕಷ್ಟ ಮಾಡಲ್ವಾ ಅಂತ. ಹಾಗೆ ಕಷ್ಟ ಆದ್ರೆ ಒಳ್ಳೇದೇ ಅಲ್ವಾ ಅನ್ನೋ ಧಾಟಿ ಪಾಲ್ ಅವರದು. ಇಲ್ಲಿ ಪುಸ್ತಕ ಮುಚ್ಚಿ ಸುಮ್ನೆ ಕೂತೆ. 2014ರ ಜುಲೈನಲ್ಲಿ ಮಗಳು ಹುಟ್ಟುವಷ್ಟರಲ್ಲಿ ಕ್ಯಾನ್ಸರ್ ಮತ್ತೆ ಬೆಳೆದಿತ್ತು, ಕಿಮೋ ಚಿಕಿತ್ಸೆಯಿಂದ ಸೋತಿದ್ದ ಅಪ್ಪ ಅದೇ ಕೋಣೆಯಲ್ಲಿ ಕಂಬಳಿ ಹೊದ್ದು ಮಂಚದ ಮೇಲೆ ಮಲಗಿದ್ದರು.

ಕಿಮೋಗೆ ಬೆರಳ ತುದಿ ಬಿರಿದು ಟೈಪ್ ಮಾಡೋಕಾಗದೆ ಇದ್ದಾಗ ಬೆಳ್ಳಿಯ ಎಳೆ ಇರುವ ಗ್ಲೌಸ್ ಹುಡುಕಿ ತಂದರಂತೆ, ಅದನ್ನು ಹಾಕಿಕೊಂಡೇ ಪುಸ್ತಕ ಬರೆದರು. ಮುಗಿಯಲಿಲ್ಲ. 2015ರ ಮಾರ್ಚ್‌ನಲ್ಲಿ ಹೋಗಿಬಿಟ್ಟರು, ಮಗಳಿಗೆ ಆಗ ಎಂಟು ತಿಂಗಳು.

ಆಸ್ಪತ್ರೆಯಲ್ಲಿ ಮಲಗಿರುವವರ ದಿಂಬಿನ ಪಕ್ಕ ಈ ಪುಸ್ತಕ ಇಟ್ಟು ಬರಬೇಡಿ. ಕೊಡೋದಾದರೆ ವರಾಂಡದ ಆ ಅಳಿಯನಿಗೆ ಕೊಡಿ. ನಡುವೆ ಸಾಹಿತ್ಯ, ತತ್ವ ಸ್ವಲ್ಪ ಜಾಸ್ತಿಯೇ ಇದೆ, ಬೇಜಾರಾದರೆ ಹಾರಿಸಿ. ಕೊನೆಯಲ್ಲಿ ಲೂಸಿ ಬರೆದ ಭಾಗ ಮಾತ್ರ ಬಿಡಬೇಡಿ, ನನಗಂತೂ ಪಾಲ್ ಬರೆದದ್ದಕ್ಕಿಂತ ಅದೇ ಹಿಡಿಸಿತು.