ಪಾವತಿ

ಕಳೆದ ತಿಂಗಳ ಒಂದು ಶನಿವಾರ ಸಂಜೆ, ಚೆಂಬೂರು ಸ್ಟೇಷನ್ನಿನ ಬಳಿ ಕೆಸುವಿನ ಎಲೆಯನ್ನೂ ಮಂಗಳೂರು ಸೌತೆಯನ್ನೂ ಕೊಳ್ಳಲು ಹತ್ತು ನಿಮಿಷಕ್ಕೆಂದು ನಿಲ್ಲಿಸಿದ್ದ ನಮ್ಮ ಸ್ಕೂಟರನ್ನು ಸಂಚಾರ ಪೊಲೀಸರ ವ್ಯಾನು ಎತ್ತಿಕೊಂಡು ಹೋಯಿತು. ತಪ್ಪು ನನ್ನದೇ, ನಿಲುಗಡೆ ಇಲ್ಲವೆಂಬ ಫಲಕವಿತ್ತು, ಅದನ್ನು ಓದಿಯೇ ನಿಲ್ಲಿಸಿದ್ದೆ. ಒಂದು ಕೈಯಲ್ಲಿ ಸೌತೆಕಾಯಿಯ ಚೀಲ, ಇನ್ನೊಂದು ಕೈಯಲ್ಲಿ ಒಂಬತ್ತು ವರ್ಷದ ಮಗಳು, ಹೀಗೆ ಎತ್ತಿ ತಂದ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದ ಸೇತುವೆಯ ಅಡಿಗೆ ಹೋಗಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಲನ್ ಯಂತ್ರ ಹಿಡಿದು ಕುಳಿತಿದ್ದ ಹವಾಲ್ದಾರರಿಗೆ ಮರಾಠಿಯಲ್ಲಿ ಗಾಡಿಯ ನಂಬರು ಹೇಳುತ್ತಿದ್ದೆ. ಆಗ ಮಗಳು, ಇಲ್ಲಿ ತನ್ನ ಭಾಷೆ ಯಾರಿಗೂ ತಿಳಿಯದೆಂಬ ಧೈರ್ಯದಿಂದ, ಸ್ವರವನ್ನು ಒಂದಿಷ್ಟೂ ತಗ್ಗಿಸದೆ ಕೇಳಿದಳು: "ಅಮ್ಮಾ, ನಾವು ಪೊಲೀಸರಿಗೆ ದುಡ್ಡು ಕೊಟ್ಟಿದ್ದೆವಲ್ಲ, ಮತ್ತೆ ಯಾಕೆ ನಮ್ಮ ಗಾಡಿ ಎತ್ತಿದ್ರು?"

ಹವಾಲ್ದಾರರು ತಲೆಯೆತ್ತಿದರು. "ಏನಂದಿ ತಂಗಿ? ರೊಕ್ಕಾ ಕೊಟ್ಟೀರಿ? ಯಾರ ಕೈಯಾಗ ಕೊಟ್ಟೀರಿ?"

ಎದೆಯ ಮೇಲಿನ ಪಟ್ಟಿಯಲ್ಲಿ ಅಪ್ಪಟ ಮರಾಠಿ ಹೆಸರು. ಊರು ಮಾತ್ರ ಸಾಂಗಲಿ ಜಿಲ್ಲೆಯ ಜತ್ತ. ಜತ್ತ, ಅಕ್ಕಲಕೋಟೆಯ ಕಡೆಯವರು ಮುಂಬಯಿಯಲ್ಲಿ ಎಲ್ಲಿ ಬೇಕಾದರೂ ಎದುರಾಗಬಹುದೆಂಬುದನ್ನು ಇಷ್ಟು ವರ್ಷ ಇಲ್ಲಿದ್ದೂ ನಾನು ಮರೆಯುತ್ತೇನೆ. ಮುಖ ಬಿಸಿಯಾಗಿ, ಅದು ಲಂಚವಲ್ಲ, ಸಹಾಯಾರ್ಥ ಯಕ್ಷಗಾನದ ಟಿಕೇಟಿನ ಹಣ, ಪೊಲೀಸರ ತರಬೇತಿಗೆಂದು ಕೂಡಿಸಿದ್ದು ಎಂದು ತಡವರಿಸಿ ಹೇಳಿದೆ. ಅವರು ನಕ್ಕರು. "ಹಂಗಾದ್ರ ಅದರ ಪಾವತಿ ನಿಮ್ಮ ಕಡೆ ಇರಬೇಕಲ್ಲ? ಇದರ ಪಾವತಿ ನಾ ಕೊಡ್ತೇನಿ. ಅದು ಬ್ಯಾರೆ, ಇದು ಬ್ಯಾರೆ." ನಮ್ಮ ಕಡೆ ಪಾವತಿಯೆಂದರೆ ಹಣ ಕಟ್ಟುವುದು, ಅವರ ಕಡೆ, ಮರಾಠಿಯಲ್ಲಿ ಇರುವಂತೆಯೇ, ಕಟ್ಟಿದ ಹಣಕ್ಕೆ ಸಿಗುವ ಚೀಟಿ. ಒಂದೇ ಪದದ ಈ ಎರಡು ಅರ್ಥಗಳ ನಡುವಿನ ದೂರವನ್ನು ಆ ರಾತ್ರಿ ಊಟವಾದ ಮೇಲೂ ನಾನು ಅಳೆಯುತ್ತ ಕುಳಿತಿದ್ದೆ.

ಸಹಾಯಾರ್ಥ ಪ್ರದರ್ಶನವೆಂಬುದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ರಾತ್ರಿಶಾಲೆ, ದೇವಸ್ಥಾನದ ಜೀರ್ಣೋದ್ಧಾರ, ಊರಿನ ಯಾರದೋ ಶಸ್ತ್ರಚಿಕಿತ್ಸೆ, ಎಲ್ಲಕ್ಕೂ ಇಲ್ಲಿ ಯಕ್ಷಗಾನದ ಆಟವೋ ನಾಟಕವೋ ಆಗುತ್ತ ಬಂದಿದೆ. ಪೊಲೀಸರಿಗಾಗಿ ಆಟವೆಂದಾಗ ಮಾತ್ರ ಹಲವರು ಹುಬ್ಬೇರಿಸಿದರು. ಅದಕ್ಕೆ ಕಾರಣರಾದವರು ನಮ್ಮ ಬೀದಿಯ ಹೋಟೆಲಿನ ಶೆಟ್ಟರು. ಒಂದು ಮಧ್ಯಾಹ್ನ ಅವರ ಗಲ್ಲಾದ ಮುಂದೆಯೇ ಗಿರಾಕಿಯೊಬ್ಬರು ಎದೆ ಹಿಡಿದುಕೊಂಡು ಕುಸಿದರು. ಆಂಬುಲೆನ್ಸಿಗಿಂತ ಮೊದಲು ಓಡಿ ಬಂದವನು ಬೀಟಿನ ಯುವ ಪೊಲೀಸ್. ಅವನು ಜನರನ್ನು ದೂರ ಸರಿಸಿದ, ನೀರು ತರಿಸಿದ, ಗಾಳಿ ಹಾಕಿದ; ಅದಕ್ಕಿಂತ ಹೆಚ್ಚು ಅವನಿಗೆ ತಿಳಿದಿರಲಿಲ್ಲ, ಸುತ್ತ ನಿಂತಿದ್ದ ನಲವತ್ತು ಮಂದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಗಿರಾಕಿ ಉಳಿಯಲಿಲ್ಲ. ಆ ಹುಡುಗ ಮರುದಿನ ಚಹಾ ಕುಡಿಯಲು ಬಂದವನು, ಒಂಬತ್ತು ತಿಂಗಳ ತರಬೇತಿಯಲ್ಲಿ ಹೇಳಿಕೊಟ್ಟಿದ್ದೆಲ್ಲ ಆ ಕ್ಷಣ ಮರೆತೇಹೋಯಿತೆಂದು ಹೇಳಿ ಗ್ಲಾಸನ್ನು ಅರ್ಧಕ್ಕೇ ಬಿಟ್ಟು ಹೋದನಂತೆ. ಶೆಟ್ಟರನ್ನು ಕಾಡಿದ್ದು ಆ ಅರ್ಧ ಗ್ಲಾಸು ಚಹಾ. ನಮ್ಮ ದೇಶದ ಪೊಲೀಸ್ ಬಜೆಟ್ಟಿನಲ್ಲಿ ತರಬೇತಿಗೆ ಹೋಗುವ ಪಾಲು ನೂರಕ್ಕೆ ಎರಡು ರೂಪಾಯಿಯನ್ನೂ ಮುಟ್ಟುವುದಿಲ್ಲ. ಒಮ್ಮೆ ಕಲಿತದ್ದನ್ನು ಮತ್ತೆ ನೆನಪಿಸಿಕೊಳ್ಳುವ ಅವಕಾಶ ಕೆಳಹಂತದ ಪೊಲೀಸರಿಗೆ ಎಷ್ಟು ಸಿಗುತ್ತದೆಂಬುದನ್ನು ಇದರಿಂದಲೇ ಊಹಿಸಬಹುದು.

ಶೆಟ್ಟರು ಒಂದು ವಿಷಯದಲ್ಲಿ ಕಟ್ಟುನಿಟ್ಟು: ಒಂದು ರೂಪಾಯಿಯೂ ಠಾಣೆಯೊಳಕ್ಕೆ ಹೋಗಬಾರದು. ಮಹಾರಾಷ್ಟ್ರದಲ್ಲಿ ನೋಂದಣಿಯಿಲ್ಲದೆ ಸಾರ್ವಜನಿಕ ದೇಣಿಗೆ ಎತ್ತಲು ಚ್ಯಾರಿಟಿ ಕಮಿಷನರರ ಅನುಮತಿ ಬೇಕು. ಗಣೇಶೋತ್ಸವ ಮಂಡಲಗಳು ಪ್ರತಿವರ್ಷ 1950ರ ಸಾರ್ವಜನಿಕ ನ್ಯಾಸ ಕಾಯ್ದೆಯ 41ಸಿ ಕಲಮಿನ ಕೆಳಗೆ ಆ ಪತ್ರಕ್ಕಾಗಿ ಓಡಾಡುವುದು ಇದಕ್ಕೇ. ಆದ್ದರಿಂದ ಹಣವೆಲ್ಲ ಪ್ರಥಮ ಚಿಕಿತ್ಸೆ ಕಲಿಸುವ, ಆಗಲೇ ನೋಂದಣಿಯಾಗಿದ್ದ ಒಂದು ಟ್ರಸ್ಟಿನ ಖಾತೆಗೆ ನೇರವಾಗಿ ಹೋಯಿತು. ಎರಡು ಸಾವಿರ ರೂಪಾಯಿ ಮೀರಿದ ನಗದು ಬೇಡ, ಅದಕ್ಕೆ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದಿಲ್ಲ, ಚೆಕ್ಕು ಕೊಡಿ ಎಂದು ಶೆಟ್ಟರು ಹಿರಿಯ ಹೋಟೆಲಿಗರನ್ನೂ ಬಿಡದೆ ಗದರಿದರು. ಬಂದ ಹಣದಲ್ಲಿ ಬೀಟಿನ ಪೊಲೀಸರೂ ವಸತಿ ಸೊಸೈಟಿಗಳ ಕಾವಲುಗಾರರೂ ಒಟ್ಟಿಗೆ ಕುಳಿತು ಜೀವರಕ್ಷಣೆಯ ಪಾಠ ಕಲಿಯಬೇಕೆಂಬುದು ಯೋಜನೆ. ನಮ್ಮ ಮನೆಯ ಪಾಲು ಒಂದು ಸಾವಿರ ರೂಪಾಯಿ. ಮಗಳು ತನ್ನ ಡಬ್ಬಿಯಿಂದ ಐವತ್ತು ರೂಪಾಯಿ ಸೇರಿಸಿದ್ದಳು, ಅದಕ್ಕೂ ಅವಳ ಹೆಸರಿನಲ್ಲೇ ಚೀಟಿ ಬಂದಿತ್ತು.

ಅವಳ ಲೆಕ್ಕ ತಪ್ಪೆಂದು ನಾನು ಒಮ್ಮೆಲೇ ಹೇಳಲಾರದೆ ಹೋದದ್ದಕ್ಕೆ ಬೇರೆಯೇ ಕಾರಣವಿದೆ. ಅದು ಅವಳ ಅಜ್ಜನ ಲೆಕ್ಕವೂ ಹೌದು.

ಕುಂದಾಪುರದಲ್ಲಿ ಅಪ್ಪಯ್ಯನಿಗೆ ಬಟ್ಟೆಯಂಗಡಿಯಿತ್ತು. ಕರ್ನಾಟಕದಲ್ಲಿ ಏಪ್ರಿಲ್ 2 ಪೊಲೀಸ್ ಧ್ವಜ ದಿನ. 1963ರ ಕರ್ನಾಟಕ ಪೊಲೀಸ್ ಕಾಯ್ದೆ 1965ರ ಆ ದಿನ ಜಾರಿಗೆ ಬಂದದ್ದರ ನೆನಪಿಗೆ ಅದನ್ನು ಆಚರಿಸುತ್ತಾರೆ. ಕವಾಯತು ನಡೆಯುತ್ತದೆ, ನಿವೃತ್ತ ಪೊಲೀಸರೊಬ್ಬರು ಅತಿಥಿಯಾಗಿ ಗೌರವ ವಂದನೆ ಸ್ವೀಕರಿಸುತ್ತಾರೆ, ಪುಟ್ಟ ಕಾಗದದ ಧ್ವಜಗಳ ಮಾರಾಟದಿಂದ ಬಂದ ಹಣ ಸೇವೆಯಲ್ಲಿರುವ ಮತ್ತು ನಿವೃತ್ತರಾದ ಪೊಲೀಸರ ಕಲ್ಯಾಣಕ್ಕೆ ಹೋಗುತ್ತದೆ. ಉದ್ದೇಶದಲ್ಲಿ ಎಳ್ಳಷ್ಟೂ ದೋಷವಿಲ್ಲ. ಆದರೆ ಆ ಧ್ವಜಗಳನ್ನು ಅಂಗಡಿಗೆ ತರುತ್ತಿದ್ದವರು ಸಮವಸ್ತ್ರದಲ್ಲೇ ಇರುತ್ತಿದ್ದರು; ಅಪ್ಪಯ್ಯ "ಎಷ್ಟು ತಕ್ಕೊಳ್ಳಬೇಕು?" ಎಂದು ಕೇಳುತ್ತಿದ್ದರೇ ಹೊರತು "ತಕ್ಕೊಳ್ಳಬೇಕಾ?" ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಕೊಂಡ ಧ್ವಜಗಳನ್ನು ಅವರು ಗಲ್ಲಾಪೆಟ್ಟಿಗೆಯ ಹಿಂದಿನ ಗಾಜಿನ ಕಪಾಟಿಗೆ, ಒಳಗೆ ಬಂದವರ ಕಣ್ಣಿಗೆ ಬೀಳುವಂತೆ, ವರ್ಷದಿಂದ ವರ್ಷಕ್ಕೆ ಸಾಲಾಗಿ ಅಂಟಿಸುತ್ತಿದ್ದರು. ಹಳೆಯವು ಬಿಸಿಲಿಗೆ ಬಿಳುಚಿಹೋದರೂ ಕೀಳುತ್ತಿರಲಿಲ್ಲ. ಹಬ್ಬದ ಮುಂಚೆ ಬಟ್ಟೆಯ ಮೂಟೆಗಳ ಲಾರಿ ರಸ್ತೆಗಡ್ಡವಾಗಿ ಒಂದು ತಾಸು ನಿಂತರೂ ಯಾರೂ ಕೇಳುತ್ತಿರಲಿಲ್ಲ. ಆ ಎರಡರ ನಡುವೆ ಸಂಬಂಧವಿತ್ತೋ ಇಲ್ಲವೋ, ಅಪ್ಪಯ್ಯ ಮಾತ್ರ ಇದೆಯೆಂದೇ ನಂಬಿದ್ದರು. ನಾನೂ ಬಹಳ ಕಾಲ ನಂಬಿದ್ದೆ.

ಈಗ ಊರಿಗೆ ಹೋದಾಗ, ಇಲ್ಲಿಯೂ ಕೂಡ, ರಸ್ತೆಗೆ ಅಡ್ಡ ಇಟ್ಟ ಪೊಲೀಸ್ ಬ್ಯಾರಿಕೇಡುಗಳನ್ನು ನೋಡಿ. ಪೊಲೀಸ್ ಎಂಬ ಅಕ್ಷರಕ್ಕಿಂತ ಅದನ್ನು ಕೊಡಿಸಿದ ಚಿನ್ನದಂಗಡಿಯ ಹೆಸರು ದಪ್ಪಗಿರುತ್ತದೆ. ಆ ಅಂಗಡಿಯ ಮುಂದೆ ಎರಡು ಸಾಲು ಕಾರು ನಿಂತಾಗ ಅದೇ ಬ್ಯಾರಿಕೇಡನ್ನು ಎಳೆದು ತಂದು ಅಡ್ಡ ಇಡಬೇಕಾದ ಪೊಲೀಸಿನ ಮನಸ್ಸಿನಲ್ಲಿ ಏನು ನಡೆಯುತ್ತದೋ ಯಾರು ಬಲ್ಲರು.

ಇದು ನಮ್ಮಲ್ಲಿ ಮಾತ್ರ ಹೀಗೆಂದು ಹೀಗಳೆಯುವ ಹಾಗೂ ಇಲ್ಲ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗನಿಗೆ ಈ ಕಥೆ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. ಅಮೆರಿಕದಲ್ಲಿ ಪೊಲೀಸ್ ಫೌಂಡೇಷನ್ನುಗಳೆಂಬ ಖಾಸಗಿ ದತ್ತಿ ಸಂಸ್ಥೆಗಳಿವೆ. ನ್ಯೂಯಾರ್ಕಿನದು 1971ರಲ್ಲೇ ಆರಂಭವಾದದ್ದು. ಗುಂಡು ನಿರೋಧಕ ಕವಚದಿಂದ ತರಬೇತಿಯವರೆಗೆ, ಬಡಾವಣೆಯ ಮಕ್ಕಳೊಂದಿಗಿನ ಕಾರ್ಯಕ್ರಮಗಳವರೆಗೆ, ಸರಕಾರದ ಬಜೆಟ್ಟು ಮುಟ್ಟದಿರುವ ಕಡೆಗೆ ಅವು ಹಣ ಕೂಡಿಸುತ್ತವೆ. ಠಾಣೆಗೂ ದಾನಿಗೂ ನಡುವೆ ಲೆಕ್ಕ ಕೊಡಬೇಕಾದ ಮೂರನೆಯವರೊಬ್ಬರು ಇರಲೆಂಬುದು ಅದರ ಹಿಂದಿನ ವಿಚಾರ. ಆದರೂ ಅಲ್ಲಿ ಪೊಲೀಸ್ ಸಂಘಗಳಿಗೆ ಚಂದಾ ಕೊಟ್ಟವರು ಅದರ ಸ್ಟಿಕ್ಕರನ್ನು ಕಾರಿನ ಹಿಂದಿನ ಗಾಜಿಗೆ ಅಂಟಿಸಿಕೊಂಡು, ವೇಗ ಮಿತಿ ಮೀರಿದಾಗ ಬಿಟ್ಟುಬಿಟ್ಟಾರೆಂದು ಕಾಯುವುದುಂಟು ಎಂದು ಅವನು ಹೇಳಿದ. ಗಾಜಿನ ಕಪಾಟಿನ ಬದಲು ಕಾರಿನ ಗಾಜು, ಅಷ್ಟೇ. ದೊಡ್ಡ ಕಂಪನಿಗಳು ಕೊಟ್ಟ ಹಣದ ಬಗ್ಗೆ ಅಲ್ಲಿಯೂ ಜನ ಪ್ರಶ್ನೆ ಎತ್ತುತ್ತಲೇ ಇದ್ದಾರಂತೆ. ನಮ್ಮ ನಗರದಲ್ಲಿಯೂ ಅಂಥ ಸಂಸ್ಥೆಯಿದೆ. 2020ರಲ್ಲಿ ಕೋವಿಡ್ಡಿನ ಲಾಕ್‌ಡೌನಿನ ನಡುವೆ ನಟ ಅಕ್ಷಯ್ ಕುಮಾರ್ 2 ಕೋಟಿ ರೂಪಾಯಿ ಕೊಟ್ಟದ್ದು ಮುಂಬಯಿ ಪೊಲೀಸ್ ಫೌಂಡೇಷನ್ನಿಗೆ.

ಆದರೆ ಹಣಕ್ಕಿಂತ ಬೇರೆಯಾದ ಒಂದು ಪಾಲುದಾರಿಕೆಯ ವಿಷಯದಲ್ಲಿ ಮುಂಬಯಿಯ ಬಗ್ಗೆ ನನಗೆ ಊರಿನವರ ಮುಂದೆ ಹೇಳಿಕೊಳ್ಳುವಷ್ಟು ಹೆಮ್ಮೆಯಿದೆ. ಇಲ್ಲಿಂದ ದೂರವಿಲ್ಲದ ಭಿವಂಡಿ, 1970ರಲ್ಲಿಯೂ 1984ರಲ್ಲಿಯೂ ಕೋಮುಗಲಭೆಯಲ್ಲಿ ಬೆಂದ ಮಗ್ಗಗಳ ಊರು. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ ಖೋಪಡೆ ಗಣ್ಯರ ಶಾಂತಿ ಸಮಿತಿಗಳನ್ನು ನೆಚ್ಚದೆ, ಓಣಿ ಓಣಿಗೂ ಮೊಹಲ್ಲಾ ಸಮಿತಿ ಮಾಡಿ, ಎರಡೂ ಧರ್ಮದ ಸಾಮಾನ್ಯ ಜನರನ್ನು ಬೀಟಿನ ಪೊಲೀಸರ ಜೊತೆ ಒಂದೇ ಚಾಪೆಯಲ್ಲಿ ಕೂರಿಸಿದರು. 1992-93ರಲ್ಲಿ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ಅದನ್ನು ಕಂಡೇ ಆಗಿನ ಕಮಿಷನರ್ ಸತೀಶ ಸಾಹ್ನಿ, ನಿವೃತ್ತ ಅಧಿಕಾರಿ ಜೂಲಿಯೊ ರಿಬೇರೊ, ಸುಶೋಭಾ ಬರ್ವೆ ಮೊದಲಾದವರು ಮುಂಬಯಿಯಲ್ಲಿಯೂ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಅವು ಗಲ್ಲಿಯ ಹುಡುಗರನ್ನೂ ಪೊಲೀಸರನ್ನೂ ಕ್ರಿಕೆಟ್ ಮೈದಾನಕ್ಕೆ ಇಳಿಸಿದ್ದೂ ಉಂಟು. ಅಲ್ಲಿ ಜನ ಕೊಟ್ಟದ್ದು ಸಂಜೆಯ ಹೊತ್ತನ್ನು. ಊರಿನಲ್ಲಿ ಬೀಟ್ ಸಭೆಯೆಂದು ಕರೆದರೆ ಬರುವವರು ಅಧ್ಯಕ್ಷರು, ಉಪಾಧ್ಯಕ್ಷರು, ಮತ್ತು ಫೋಟೋ ತೆಗೆಯುವವನು ಎಂದು ನನ್ನ ತಮ್ಮ ಫೋನಿನಲ್ಲಿ ದೂರಿದ್ದು ಇನ್ನೂ ಕಿವಿಯಲ್ಲಿದೆ.

ಹೊತ್ತು ಹೊಂದಿಸುವುದು ಪೊಲೀಸರಿಗೇ ಹೆಚ್ಚು ಕಷ್ಟ. ನಮ್ಮ ಪಕ್ಕದ ದೇವನಾರ್ ಠಾಣೆಯ, 'ಪೊಲೀಸ್ ನಾಯಕ್' ಎಂಬ ಕೆಳಹಂತದ ಹುದ್ದೆಯವರೊಬ್ಬರು ಎಂಟು ಗಂಟೆಯ ಪಾಳಿಯ ಯೋಜನೆಯನ್ನು ತಾವೇ ಲೆಕ್ಕ ಹಾಕಿ ಬರೆದುಕೊಟ್ಟದ್ದು, 2016ರಲ್ಲಿ ಕಮಿಷನರ್ ದತ್ತಾ ಪಡಸಲಗೀಕರ್ ಅದನ್ನು ಆ ಠಾಣೆಯಲ್ಲೇ ಮೊದಲು ಪ್ರಯೋಗಿಸಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚೆ ಹನ್ನೆರಡು ಗಂಟೆಯೆಂಬುದು ಮಾಮೂಲು. ಮಂತ್ರಿಯ ಸವಾರಿ, ಮೋರ್ಚಾ, ಗಣಪತಿ ವಿಸರ್ಜನೆಗಳ ನಡುವೆ ನಮ್ಮ ತರಬೇತಿಯ ದಿನ ಮೂರು ಸಲ ಮುಂದೆ ಹೋಯಿತು.

ಕೊನೆಗೂ ಒಂದು ಭಾನುವಾರ ಬೆಳಿಗ್ಗೆ ಅದು ನಡೆಯಿತು. ಸಭಾಗೃಹದ ನೆಲದಲ್ಲಿ ಸೊಂಟದವರೆಗಿನ ಆರು ಬೊಂಬೆಗಳು. ಎದೆಯನ್ನು ಸರಿಯಾಗಿ ಐದು ಸೆಂಟಿಮೀಟರ್ ಒತ್ತಿದರೆ ಟಿಕ್ಕೆಂದು ಸದ್ದಾಗುವಂಥವು. ಪೊಲೀಸರು ಬೆಲ್ಟು ಬಿಚ್ಚಿ, ಟೋಪಿಗಳನ್ನು ಕಿಟಕಿಯ ದಂಡೆಯಲ್ಲಿ ಸಾಲಾಗಿಟ್ಟು, ಕಾವಲುಗಾರರ ಪಕ್ಕದಲ್ಲಿ ಮಂಡಿಯೂರಿದರು. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು, ಮೂವತ್ತಾದ ಮೇಲೆ ಎರಡು ಉಸಿರು ಕೊಡಬೇಕು. ಎಲ್ಲರೂ ಆತುರದಲ್ಲಿ ಲಯ ತಪ್ಪಿಸುತ್ತಿದ್ದರು. ಆಗ ಶೆಟ್ಟರ ಹೋಟೆಲಿನ ಮ್ಯಾನೇಜರ್, ಆಟದ ರಾತ್ರಿ ಮದ್ದಳೆಗೆ ಕುಳಿತಿದ್ದವರು, ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ತಾಳ ಹಿಡಿದರು. ಮಗಳು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಒಂದರಿಂದ ಮೂವತ್ತರವರೆಗೆ ಎಣಿಸಿದಳು. ಮೂರನೆಯ ಸುತ್ತಿಗೆ ಆರೂ ಬೊಂಬೆಗಳು ಒಟ್ಟಿಗೆ ಟಿಕ್ಕೆಂದವು. ಆ ಯುವ ಪೊಲೀಸ್ ಕೂಡ ಇದ್ದ. ಸಮಯ ಮುಗಿಯಿತೆಂದರೂ ಅವನು ಏಳಲಿಲ್ಲ, ಅಂಗಿಯ ಬೆನ್ನು ತೊಯ್ದುಹೋಗುವವರೆಗೆ ಒತ್ತುತ್ತಲೇ ಇದ್ದ. ಶೆಟ್ಟರು ಬಾಗಿಲಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದರು.

ಸೇತುವೆಯ ಕೆಳಗೆ ದಂಡ ಕಟ್ಟಿ ಚೀಟಿ ಪಡೆದ ಮೇಲೆ ಮಗಳು ಹವಾಲ್ದಾರರಿಗೆ ಇದನ್ನೆಲ್ಲ ವಿವರಿಸಿ, ನೀವು ಯಾಕೆ ಬಂದಿರಲಿಲ್ಲವೆಂದು ಕೇಳಿದಳು. ಅವರು ಸ್ಕೂಟರಿನ ಕೀಲಿಯನ್ನು ನನ್ನ ಕೈಗಿಡುತ್ತ, "ನಮ್ಮನ್ನ ಯಾರೂ ಕರೀಲಿಲ್ಲ ಅಕ್ಕಾರ. ಠಾಣೆ ಮಂದಿನ್ನ ಕರದ್ರಿ, ಟ್ರಾಫಿಕ್ ಮಂದಿನ್ನ ಬಿಟ್ರಿ. ದಿನಾ ರಸ್ತೆದಾಗ ಬಿದ್ದವರ ಕಡೆ ಮೊದಲ ಓಡೋರು ನಾವ" ಎಂದರು.

ಹೌದಲ್ಲ ಎನ್ನಿಸಿತು. ನಾಲ್ಕು ತಿಂಗಳು ಸಭೆ ನಡೆಸಿದ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ದುಡ್ಡು ನಮ್ಮದಾದ್ದರಿಂದ ಯಾರನ್ನು ಕರೆಯಬೇಕೆಂಬುದನ್ನು ಅವರನ್ನು ಕೇಳುವ ಅಗತ್ಯವೇ ಕಂಡಿರಲಿಲ್ಲ. ಆ ರಾತ್ರಿಯೇ ಶೆಟ್ಟರಿಗೆ ಫೋನು ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯ ತಂಡದ ಪಟ್ಟಿಗೆ ಸಂಚಾರ ವಿಭಾಗದವರನ್ನೂ ಸೇರಿಸುವಂತೆ ಟ್ರಸ್ಟಿಗೆ ತಿಳಿಸುತ್ತೇನೆ, ಸೂಚನೆ ನಿಮ್ಮದೆಂದು ಹೆಸರು ಹಾಕಲೇ ಎಂದು ಕೇಳಿದರು. ಬೇಡವೆಂದೆ, ಸ್ಕೂಟರಿನ ವಿಷಯವನ್ನೂ ಹೇಳಬೇಕಾಯಿತು. ಮಗಳು ಎರಡೂ ಪಾವತಿಗಳನ್ನು ತನ್ನ ಡಬ್ಬಿಯಲ್ಲಿಟ್ಟುಕೊಂಡಿದ್ದಾಳೆ, ಕಪಾಟಿಗೆ ಅಂಟಿಸಲು ನಾನು ಬಿಡಲಿಲ್ಲ.